ಬೂಟು ಬಿಚ್ಚುವ ಧೈರ್ಯ

ಜಗತ್ತಿನಲ್ಲಿ ಎಲ್ಲರ ಕಾಲೂ ನಾರುತ್ತದೆ, ನಮ್ಮದೊಂದನ್ನು ಬಿಟ್ಟು. ಈ ನಂಬಿಕೆಗೆ ನಮ್ಮ ಮೂಗೇ ಕಾರಣ. ಒಂದೇ ವಾಸನೆಯ ಜತೆ ಸ್ವಲ್ಪ ಹೊತ್ತು ಕೂತರೆ ಸಾಕು, ಮೂಗು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪಕ್ಕದವರ ಕಾಲಿನದು ಬಿಸಿಬಿಸಿ ಸುದ್ದಿ, ನಮ್ಮದು ಹಳೇ ಪೇಪರು.

ಅನುಮಾನವಿದ್ದವರು ಚಾಂಪಿಯನ್ ರೀಫ್ಸ್‌ಗೆ ಬನ್ನಿ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮೂರಿನ ದುಡಿಮೆ ಬೆಂಗಳೂರಿನ ದಾರಿ ಹಿಡಿಯಿತು. ಮಾರಿಕುಪ್ಪಂನಲ್ಲಿ ಹೊರಡುವ ಬೆಳಗಿನ ರೈಲು ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಕಿಕ್ಕಿರಿದಿರುತ್ತದೆ. ಆಗೇನೂ ತೊಂದರೆಯಿಲ್ಲ, ಎಲ್ಲರೂ ಮಿಂದು ಪೌಡರು ಬಳಿದುಕೊಂಡು ಬಂದವರೇ. ಸಂಜೆಯ ರೈಲಿನ ಕಥೆ ಬೇರೆ. ವೈಟ್‌ಫೀಲ್ಡ್ ದಾಟುತ್ತಿದ್ದಂತೆ ಒಬ್ಬ ಪುಣ್ಯಾತ್ಮ "ಉಸ್ಸಪ್ಪಾ" ಎಂದು ಬೂಟು ಬಿಚ್ಚಿ, ಎದುರು ಸೀಟಿನ ಮೇಲೆ, ಎಂದರೆ ನನ್ನ ತೊಡೆಯ ಪಕ್ಕಕ್ಕೆ, ಎರಡೂ ಕಾಲು ಚಾಚುತ್ತಾನೆ. ಯಾರೂ ತುಟಿ ಎರಡು ಮಾಡುವುದಿಲ್ಲ. ಒಬ್ಬರು ಕಿಟಕಿ ಏರಿಸುತ್ತಾರೆ. ಇನ್ನೊಬ್ಬರು ಕಷ್ಟಪಟ್ಟು ಹಿಡಿದ ಸೀಟನ್ನೇ ತ್ಯಾಗ ಮಾಡಿ ಬಾಗಿಲ ಬಳಿ ಹೋಗಿ ನಿಲ್ಲುತ್ತಾರೆ. ಬೂಟಿನ ಮಾಲೀಕ ಮಾತ್ರ ಆಗಲೇ ಗೊರಕೆಯಲ್ಲಿ.

ಹಾಗೆ ನೋಡಿದರೆ ಬೆವರು ನಿರಪರಾಧಿ. ಅದಕ್ಕೆ ತನ್ನದೇ ಆದ ವಾಸನೆ ಇಲ್ಲವೆಂದೇ ಹೇಳಬೇಕು. ಅದರಲ್ಲಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲವನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಮೆದ್ದು ಐಸೊವಲೇರಿಕ್ ಆಮ್ಲ ಮಾಡಿಡುತ್ತವೆ. ಕೆಲವು ಜಾತಿಯ ಚೀಸ್‌ನಲ್ಲಿರುವುದೂ ಇದೇ. ತಟ್ಟೆಯಲ್ಲಿಟ್ಟರೆ ದುಡ್ಡು ಕೊಟ್ಟು ತಿನ್ನುವ ಜನ, ಸೀಟಿನ ಮೇಲಿಟ್ಟರೆ ಮೂಗು ಮುಚ್ಚಿಕೊಳ್ಳುತ್ತಾರೆ.

ಈ ವಾಸನೆಯ ಮೂಲ ಹುಡುಕಿದ ಜಪಾನಿನ ಶಿಸೈಡೊ ಕಂಪನಿಯ ಸಂಶೋಧಕರಿಗೆ 1992ರಲ್ಲಿ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನವದು. ತಮ್ಮ ಕಾಲು ನಾರುತ್ತದೆ ಎಂದುಕೊಂಡವರದು ನಿಜಕ್ಕೂ ನಾರುತ್ತದೆ, ಇಲ್ಲ ಎಂದುಕೊಂಡವರದು ನಾರುವುದಿಲ್ಲ ಎಂಬುದು ಅವರ ತೀರ್ಮಾನ. ನಮ್ಮ ಸಂಜೆ ರೈಲು ಹತ್ತಿದ್ದರೆ ಎರಡನೆಯ ಮಾತನ್ನು ಅಲ್ಲೇ ಹೊಡೆದುಹಾಕುತ್ತಿದ್ದರು. 2025ರಲ್ಲಿ ಇದೇ ಬಹುಮಾನ ನಮ್ಮ ದೇಶದ ವಿಕಾಶ್ ಕುಮಾರ್ ಮತ್ತು ಸಾರ್ಥಕ್ ಮಿತ್ತಲ್ ಅವರ ಪಾಲಾಯಿತು. ನಾರುವ ಬೂಟುಗಳಿಂದ ಬೂಟಿನ ಸ್ಟ್ಯಾಂಡ್ ಬಳಸುವವರಿಗೆ ಆಗುವ ಕಷ್ಟವನ್ನು ಅಳೆದು, ಅತಿನೇರಳೆ ಬೆಳಕಿನಿಂದ ಬ್ಯಾಕ್ಟೀರಿಯಾ ಕೊಲ್ಲುವ ಸ್ಟ್ಯಾಂಡ್ ಯೋಚಿಸಿದವರು ಇವರು.

ನಮ್ಮ ಮನೆಯಲ್ಲಿ ಆ ಸ್ಟ್ಯಾಂಡಿನ ಕೆಲಸ ಅಜ್ಜಿಯದು. ತಾತ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ಅದು ನೆಲದೊಳಕ್ಕೆ 3 ಕಿಲೋಮೀಟರಿಗೂ ಹೆಚ್ಚು ಇಳಿದ ಗಣಿ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಆ ಬೇಗೆಯಲ್ಲಿ ಶಿಫ್ಟ್ ಮುಗಿಸಿದ ಬೂಟು ಹೇಗಿರಬೇಡ! ಆದರೆ ಅದು ಹೊಸಿಲು ದಾಟಿದ್ದೇ ಇಲ್ಲ. ಬೇತಮಂಗಲದ ನೀರು ನಲ್ಲಿಗೆ ಬರಲಿ ಬಿಡಲಿ, ತಾತನ ಕಾಲಿಗೆ ಒಂದು ಚೊಂಬು ಮೀಸಲು. ತೊಳೆದರಷ್ಟೇ ಸಾಲದು. "ಸಂದಿ ಒರೆಸ್ಕೊಂಡ್ರಾ?" ಎಂದು ಅಜ್ಜಿ ಹಳೇ ಪಂಚೆಯ ತುಂಡು ಎಸೆಯುತ್ತಿದ್ದಳು. ಗಣಿ ಗೇಟಿನಲ್ಲಿ ಚಿನ್ನಕ್ಕೆ ತಪಾಸಣೆ, ಮನೆ ಬಾಗಿಲಲ್ಲಿ ಕಾಲಿಗೆ ತಪಾಸಣೆ. "ಅವರೇ ವಾಸಿ ಕಣೇ, ಬೇಗ ಬಿಡ್ತಾರೆ" ಎಂದು ತಾತ ಗೊಣಗುತ್ತಿದ್ದರು.

ಬ್ಯಾಕ್ಟೀರಿಯಾದ ಹೆಸರೂ ಕೇಳದ ಅಜ್ಜಿ ಅದರ ಅನ್ನಕ್ಕೇ ಕಲ್ಲು ಹಾಕಿದ್ದಳು. ಅದಕ್ಕೆ ಬೇಕಾದದ್ದು ತೇವ ಮತ್ತು ಮುಚ್ಚಿದ ಜಾಗ. ಬೆರಳ ಸಂದಿ ಒಣಗಿರಬೇಕು. ದಿನಾ ಒಗೆದ ಕಾಲುಚೀಲ ಬೇಕು, ನೈಲಾನಿಗಿಂತ ಹತ್ತಿಯದು ವಾಸಿ. ಎರಡು ಜೊತೆ ಬೂಟಿದ್ದರೆ ಒಂದಕ್ಕೆ ದಿನಪೂರ್ತಿ ಒಣಗುವ ರಜೆ. ಟೀ ಡಿಕಾಕ್ಷನ್‌ನಲ್ಲಿ ಕಾಲು ಅದ್ದುವುದೂ ಒಂದು ಮದ್ದು, ಅದರ ಒಗರು ಬೆವರು ತಗ್ಗಿಸುತ್ತದಂತೆ. ನಾನು ಬೋಗುಣಿಗೆ ಟೀ ಸುರಿದದ್ದು ಕಂಡು ಅಜ್ಜಿ, "ಹಾಲು ಸಕ್ಕರೆ ಬೇಡ್ವೇನೋ?" ಎಂದಿದ್ದಳು. ಪೌಡರು ಸುರಿಯುವವರಿಗೆ ಒಂದು ಮಾತು: ತೊಳೆಯದ ಕಾಲಿಗೆ ಮಲ್ಲಿಗೆ ಪೌಡರು ಹಾಕಿದರೆ ಮಲ್ಲಿಗೆಯ ಮಾನ ಹೋಗುತ್ತದೆಯೇ ಹೊರತು ಕಾಲಿನದು ಉಳಿಯುವುದಿಲ್ಲ. ಚರ್ಮದಲ್ಲಿ ಸಣ್ಣ ಗುಳಿ ಬಿದ್ದರೆ, ತುರಿಸಿದರೆ ಡಾಕ್ಟರ ಹತ್ತಿರ ಹೋಗುವುದೇ ಸರಿ.

ಮದ್ದು ಇಷ್ಟು ಸುಲಭ. ಕಷ್ಟವಿರುವುದು ಹೇಳುವವರಿಗೆ. ರೈಲಿನಲ್ಲಿ ದಾಕ್ಷಿಣ್ಯ, ಆಫೀಸಿನಲ್ಲಿ ಮರ್ಯಾದೆ, ಮೂಗಿದ್ದವರಿಗೆ ಬಾಯಿಲ್ಲ. ಅಜ್ಜಿ ಹೋದ ಮೇಲೆ ನಮ್ಮ ಮನೆಯಲ್ಲಿ ಆ ಖಾತೆ ಮೂರನೇ ಕ್ಲಾಸಿನ ಮಗಳ ಕೈಗೆ ಬಂದಿದೆ. ನಾನು ಬಾಗಿಲಿಗೆ ಬಂದರೆ ಸಾಕು, ಹೋಂವರ್ಕಿನಿಂದ ತಲೆ ಎತ್ತದೆ "ಅಪ್ಪಾ, ಆಚೆ!" ಎನ್ನುತ್ತಾಳೆ. ಅವಳಿಗೆ ಲ್ಯೂಸಿನ್ ಗೊತ್ತಿಲ್ಲ, ದಾಕ್ಷಿಣ್ಯವೂ ಗೊತ್ತಿಲ್ಲ. ಮೊದಲನೆಯದನ್ನು ಸ್ಕೂಲಿನಲ್ಲಿ ಕಲಿಯಲಿ. ಎರಡನೆಯದನ್ನು ಯಾರೂ ಕಲಿಸದಿದ್ದರೆ ರೈಲಿನವರಿಗೂ ಒಳ್ಳೆಯದು.