ಹಂಚು, ಗೂಟ, ಚರಗಿ

ಭೀಮಾ ನದಿಯ ದಂಡೆಯ ಮೇಲಿರುವ ದೇವಣಗಾಂವದಲ್ಲಿ ಹಂಚು ಎಂಬುದು ಒಲೆಯ ಮೇಲೆ ಇರುತ್ತದೆ, ಮಂಗಳೂರಿನಲ್ಲಿ ಮನೆಯ ಮೇಲೆ ಇರುತ್ತದೆ; ಒಲೆಯ ಮೇಲಿನದು ತಾನು ಕಾಯುತ್ತದೆ, ಮನೆಯ ಮೇಲಿನದು ಮನೆಯವರನ್ನು ಕಾಯುತ್ತದೆ. ಮಣ್ಣಿನ ಬಿಲ್ಲೆಗೂ ರೊಟ್ಟಿ ಬೇಯಿಸುವ ಕಾವಲಿಗೂ ಒಂದೇ ಹೆಸರು ಸಲ್ಲುವುದಕ್ಕೆ, ಹಿಂದೆ ರೊಟ್ಟಿಯ ಹಂಚನ್ನೂ ಕುಂಬಾರನೇ ಸುಟ್ಟುಕೊಡುತ್ತಿದ್ದುದು ಕಾರಣವಿರಬೇಕು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದೇ ಮಿಷನ್ನಿನ ಕಿಟೆಲ್ಲರ ನಿಘಂಟು 1894ರಲ್ಲಿ ಅದೇ ಊರಿನಲ್ಲಿ ಅಚ್ಚಾಯಿತು. ಆದರೆ ನಿಘಂಟು ಪದದ ಅರ್ಥವನ್ನು ಹೇಳಬಲ್ಲದೇ ಹೊರತು, ಮಣ್ಣಿನ ಮಾಳಿಗೆಯ ಮನೆಯೊಳಗೆ ಅತ್ತೆಯೊಬ್ಬಳು "ಹಂಚ ಇಳಸವಾ" ಎಂದಾಗ ಕರಾವಳಿಯಿಂದ ಬಂದ ಸೊಸೆ ಏಣಿ ಹುಡುಕದಂತೆ ತಡೆಯಲಾರದು.

ಈ ಹಂಚಿನ ಸುತ್ತ ಒಂದು ಸಂಸಾರವೇ ಇದೆ. ಬಡಿದ ಜೋಳದ ರೊಟ್ಟಿಯನ್ನು ಅದರ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಿ, ನೀರು ಆರುವಷ್ಟರಲ್ಲಿ ಮಗುಚಿ, ಕೊನೆಗೆ ಒಲೆಯ ಬಾಯಿಯ ಕೆಂಡಕ್ಕೆ ಆನಿಸಿ ಉಬ್ಬಿಸುವ ಕೆಲಸದಲ್ಲಿ ಕೈಯೇ ಮುಖ್ಯ ಸಲಕರಣೆಯಾಗಿದ್ದು, ಅದಕ್ಕೆ ಬೇರೆ ಹೆಸರಿಡುವ ಗೋಜಿಗೆ ಯಾರೂ ಹೋಗಿಲ್ಲ.

ಬೀಸುಕಲ್ಲಿನ ಕಥೆ ಇನ್ನೂ ವಿಚಿತ್ರವಾದುದು. ಎರಡು ದುಂಡು ಕಲ್ಲುಗಳನ್ನು ಒಂದರ ಮೇಲೊಂದಿರಿಸಿ, ಮೇಲಿನದನ್ನು ಗೂಟ ಹಿಡಿದು ತಿರುಗಿಸಿ, ನಡುವಿನ ಬಾಯಿಗೆ ಹಿಡಿಹಿಡಿಯಾಗಿ ಕಾಳು ಹಾಕುವ ಈ ಸಾಧನವು ಹಿಟ್ಟಿನ ಜೊತೆಗೆ ಹಾಡನ್ನೂ ಕೊಡುತ್ತಿತ್ತು. ದೇವಣಗಾಂವ ಇರುವ ಜಿಲ್ಲೆಯದೇ ಆದ ಹಲಸಂಗಿಯ ಗೆಳೆಯರ ಗುಂಪು 1931ರಲ್ಲಿ ಹೊರತಂದ 'ಗರತಿಯ ಹಾಡು' ಸಂಗ್ರಹಕ್ಕೆ ಒದಗಿದ ತ್ರಿಪದಿಗಳನ್ನು ಹೆಂಗಸರು ಬೀಸುತ್ತ, ಕುಟ್ಟುತ್ತ ಹಾಡಿಕೊಂಡು ಬಂದಿದ್ದರು. ಈಗ ಹಿಟ್ಟು ಬರುವುದು ಗಿರಣಿಯಿಂದ. ಆದರೂ ಜನ ಜೋಳವನ್ನು ಗಿರಣಿಗೆ ಒಯ್ದು "ಬೀಸಿಕೊಂಡು ಬಂದೆ" ಎಂದೇ ಹೇಳುತ್ತಾರೆ, ಬೀಸಿದ್ದು ವಿದ್ಯುತ್ತಾದರೂ ಕೀರ್ತಿ ಮಾತ್ರ ಡಬ್ಬಿ ಹಿಡಿದು ಸರದಿಯಲ್ಲಿ ನಿಂತವರದು. ಗಿರಣಿಯ ಪಟ್ಟೆಯ ಸದ್ದಿನಲ್ಲಿ ಹಾಡುವುದು ಹಾಗಿರಲಿ, ನೆರೆಮನೆಯವರ ಸುದ್ದಿ ಕೇಳುವುದೂ ಕಷ್ಟ. ಹಳ್ಳಿಗೆ ಇದು ಹೆಚ್ಚಿನ ನಷ್ಟ.

ಈ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದು, ಮರಾಠಿಯ ನೆರೆಯೂ ಇರುವುದರಿಂದ, ಮಸಾಲೆ ಕುಟ್ಟುವ ಲೋಹದ ಪುಟ್ಟ ಒರಳು 'ಖಲಬತ್ತಾ' ಎನಿಸಿ, ತಂತಿ ಹಿಡಿಯುವ ಇಕ್ಕಳ 'ಪಕ್ಕಡ' ಎನಿಸಿ ನೆಲೆಸಿವೆ. ಅವನ್ನು ಪರಕೀಯವೆಂದು ಹೊರಗಟ್ಟಲು ಹೊರಟವರಿಗೆ ಆ ದಿನದ ಚಟ್ನಿ ಸಿಗಲಿಕ್ಕಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದ ಪದ ಚರಗಿ. ಆಕಾರದಲ್ಲಿ ಇದು ತಂಬಿಗೆಯ ಸಂಬಂಧಿ, ಅಂದರೆ ಕಂಠವುಳ್ಳ ನೀರಿನ ಪಾತ್ರೆ. ಬಂದ ಬೀಗರಿಗೆ ಕಾಲು ತೊಳೆಯಲು ನೀರು ಕೊಡುವುದು ಇದರಲ್ಲಿಯೇ ಆದ್ದರಿಂದ ಇದು ಮರ್ಯಾದೆಯ ವಸ್ತು. ಅದನ್ನೇ ಹಿಡಿದು ನಸುಕಿನಲ್ಲಿ ಹೊಲದ ಕಡೆ ಹೊರಟವನನ್ನು ಮಾತ್ರ ಎಲ್ಲಿಗೆ ಎಂದು ಕೇಳುವುದು ಮರ್ಯಾದೆಯಲ್ಲ. 'ಚರಗಿ ತಗೊಂಡು ಹೋಗ್ಯಾನ' ಎಂಬ ವಾಕ್ಯದಲ್ಲಿ ಹೇಳಬೇಕಾದುದೆಲ್ಲ ಹೇಳಿ ಮುಗಿದಿರುತ್ತದೆ. ಎಳ್ಳ ಅಮಾವಾಸ್ಯೆಯಂದು ಭೂಮಿತಾಯಿಗೆ ಹೊಲದಲ್ಲಿ ಚೆಲ್ಲುವ ಎಡೆಗೆ 'ಚರಗ' ಎಂದು ಹೆಸರಿರುವುದರಿಂದ, ಹೊಲಕ್ಕೆ ಹೊರಟವನ ಉದ್ದೇಶವನ್ನು ಒಂದು ಗುಡಿಸು ನಿರ್ಧರಿಸುತ್ತದೆ; ಕನ್ನಡ ವ್ಯಾಕರಣ ಇಷ್ಟು ದೊಡ್ಡ ಹೊಣೆಯನ್ನು ಬೇರೆಲ್ಲೂ ಹೊತ್ತಂತಿಲ್ಲ. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದ ನಂತರ ಹಳ್ಳಿಗಳಲ್ಲಿ ಶೌಚಾಲಯಗಳು ಹೆಚ್ಚಿ, ಅವುಗಳೊಳಗೆ ಪ್ಲಾಸ್ಟಿಕ್ ಮಗ್ಗು ಬಂದು ಕುಳಿತರೂ, ಮಾತಿನಲ್ಲಿ ಹೋಗುವುದು ಚರಗಿಯೇ.

ಆದ್ದರಿಂದ ಆ ಕಡೆ ಹೊಸದಾಗಿ ಹೋಗುವವರು ಅಂಗಳದಲ್ಲಿ ಕೈಗೆ ಬಂದ ಚರಗಿಯ ನೀರನ್ನು ಕಾಲಿಗೆ ಸುರಿದುಕೊಳ್ಳಬೇಕು, ಬಾಯಿಗಲ್ಲ. ಕುಡಿಯುವ ನೀರು ತಂಬಿಗೆಯಲ್ಲಿ, ಬೆಲ್ಲದ ಜೊತೆಗೆ, ಒಳಗಿನಿಂದ ಬರುತ್ತದೆ.