ಒಂದು ನಿಮಿಷದ ಮಹಾನಷ್ಟ

2023ರ ಸೆಪ್ಟೆಂಬರ್ 17ರಂದು ವೇಲ್ಸ್ ಸರ್ಕಾರವು ಜನವಸತಿ ಬೀದಿಗಳ ಸಾಮಾನ್ಯ ವೇಗಮಿತಿಯನ್ನು ಗಂಟೆಗೆ 30 ಮೈಲಿಯಿಂದ 20ಕ್ಕೆ ಇಳಿಸಿದ ಬಳಿಕ, ಕಾರ್ಡಿಫ್‌ನ ಕಾರು ಮಾಲೀಕನಿಗೂ ಭೌತಶಾಸ್ತ್ರದ ಅಧ್ಯಾಪಕನಿಗೂ ನಡೆದಿರಬಹುದಾದ ಸಂವಾದವಿದು.

ಮಾಲೀಕ: ಮೈಲಿಗೆ ಎರಡು ನಿಮಿಷ ಸಾಕಾಗುತ್ತಿದ್ದಲ್ಲಿ ಈಗ ಮೂರು ಬೇಕಾಗಿರುವುದರಿಂದ, ಪ್ರಜೆಯ ಒಂದು ನಿಮಿಷದ ಆಯುಷ್ಯವನ್ನು ಸರ್ಕಾರವೇ ಕಸಿದುಕೊಂಡಂತಾಯಿತಲ್ಲವೇ?

ಅಧ್ಯಾಪಕ: ಚಲನೆಯಿಂದಲೇ ವಸ್ತುವಿಗೆ ಒದಗುವ ಶಕ್ತಿ, ಅಂದರೆ ಚಲನಶಕ್ತಿಯು, ವೇಗದ ವರ್ಗಕ್ಕನುಗುಣವಾಗಿ ಏರಿಳಿಯುವುದರಿಂದ, ವೇಗವು ಮೂರರಲ್ಲೊಂದು ಪಾಲು ತಗ್ಗಿದರೆ ಡಿಕ್ಕಿಯ ಶಕ್ತಿ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.

ಮಾಲೀಕ: ವಿರೋಧದ ಮನವಿಗೆ ಸುಮಾರು 4.7 ಲಕ್ಷ ಸಹಿಗಳು ಬಿದ್ದಿರುವಾಗ ಭೌತಶಾಸ್ತ್ರವೂ ಜನಾಭಿಪ್ರಾಯಕ್ಕೆ ತಲೆಬಾಗಬೇಕು.

ಅಧ್ಯಾಪಕ: ರಸ್ತೆ ದಾಟುವ ಮಗುವಿನ ಮೂಳೆಗಳಿಗೆ ಆ ಮನವಿಯನ್ನು ಓದಿ ಹೇಳುವ ಹೊಣೆಯನ್ನು ತಾವೇ ವಹಿಸಿಕೊಳ್ಳಬಹುದು.

ಮಾಲೀಕ: ಹಾಗಿದ್ದರೆ ಸ್ವಂತ ಮನೆಯೆದುರಿನ ಬೀದಿಗೆ ಮಿತಿ ಇರಲಿ, ಕಚೇರಿಯವರೆಗಿನ ಉಳಿದ ಬೀದಿಗಳಲ್ಲಿ ಪ್ರಜಾಪ್ರಭುತ್ವ ಸಾಕು.