ಗಡಿಶಾಸ್ತ್ರಿಗಳು

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕನ್ನಡದ ಮನೆಗಳುಳ್ಳ ಪ್ರತಿಯೊಂದು ಊರಿನಲ್ಲಿಯೂ ಮಹಾಮಾರಿಯ ಕಾಲದಲ್ಲಿ ಒಬ್ಬೊಬ್ಬ ಗಡಿಶಾಸ್ತ್ರಿಗಳು ಉದಯಿಸಿದರು. 1956ರ ಪ್ರಾಂತ್ಯವಿಂಗಡಣೆಯಲ್ಲಿ ಈ ಸೀಮೆಯು ಕೇರಳಕ್ಕೆ ಸೇರಿದ ಮೇಲೆಯೂ, ಮಗಳನ್ನು ಕೊಟ್ಟ ಮನೆ, ಮಕ್ಕಳ ಕಾಲೇಜು, ಹೃದ್ರೋಗದ ವೈದ್ಯರು ಇವೆಲ್ಲವೂ ಮಂಗಳೂರಿನಲ್ಲಿಯೇ ಇದ್ದುದರಿಂದ, ತಲಪಾಡಿಯಲ್ಲೊಂದು ಗಡಿಯುಂಟೆಂಬುದನ್ನು ಜನರು ಟೋಲ್ ಕೊಡುವಾಗ ಮಾತ್ರ ನೆನೆಯುತ್ತಿದ್ದರು. 2020ರ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ದಾರಿ ಮುಚ್ಚಿದೊಡನೆಯೇ ನಮ್ಮ ಶಾಸ್ತ್ರಿಗಳ ಭಾಗ್ಯದ ಬಾಗಿಲು ತೆರೆಯಿತು.

ಮುಖಗವಸನ್ನು ಗದ್ದಕ್ಕಿಳಿಸಿ, ತಾಂಬೂಲವನ್ನು ಒಂದು ಕೆನ್ನೆಗೆ ಸರಿಸಿ, ಮೊಬೈಲನ್ನು ಮೊಳದುದ್ದ ದೂರ ಹಿಡಿದು ಅವರು ಉಭಯ ಸರಕಾರಗಳ ಸುತ್ತೋಲೆಗಳಿಗೆ ಭಾಷ್ಯ ಹೇಳತೊಡಗಿದರೆಂದರೆ ಜಗಲಿಯಲ್ಲಿ ಮೌನವು ಕವಿಯುತ್ತಿತ್ತು. ಮರುವರ್ಷ ಆರ್‌ಟಿಪಿಸಿಆರ್ ವರದಿಗೆ 72 ಗಂಟೆಗಳ ಆಯುಸ್ಸು ವಿಧಿಸಲ್ಪಟ್ಟಾಗ, ಆ ಆಯುಸ್ಸನ್ನು ಮೂಗಿಗೆ ಕಡ್ಡಿ ಹಾಕಿದ ಕ್ಷಣದಿಂದ ಎಣಿಸಬೇಕೋ, ವರದಿ ಕೈಸೇರಿದ ಕ್ಷಣದಿಂದಲೋ ಎಂಬ ಜಿಜ್ಞಾಸೆಯನ್ನು ಅವರು ಏಕಾದಶಿಯ ತಿಥಿನಿರ್ಣಯದಷ್ಟೇ ಗಾಂಭೀರ್ಯದಿಂದ ನಡೆಸಿದರು.

ಆದರೆ ಅವರ ನಿಜವಾದ ಪಾಂಡಿತ್ಯವು, ಹೋಗುವ ದಾರಿಯನ್ನು ಕೇಳಿ ಬಂದವರಿಗಿಂತ ಹೋಗದಿರುವ ದಾರಿಯನ್ನು ಅರಸಿ ಬಂದವರಿಗೇ ಹೆಚ್ಚು ಪ್ರಯೋಜನಕ್ಕೆ ಬಂದಿತು. ಇಂಥವರು ಬಹುಮಟ್ಟಿಗೆ ಅಳಿಯಂದಿರು, ಬರುತ್ತಿದ್ದುದು ಮುಸ್ಸಂಜೆಯಲ್ಲಿ.

"ಮಾವನವರ ಷಷ್ಟ್ಯಬ್ದಿಗೆ ಕರೆ ಬಂದಿದೆ ಶಾಸ್ತ್ರಿಗಳೇ. ಹೋಗಲಿಕ್ಕೆ ಆಗುತ್ತದೋ?"

ಕೇಳಿದ ದನಿಯಲ್ಲಿಯೇ ಪ್ರಾರ್ಥನೆಯನ್ನು ಗ್ರಹಿಸಿದ ಶಾಸ್ತ್ರಿಗಳು, "ಪಾಸು ಸಿಕ್ಕಿದರೆ ಹೋಗಬಹುದು ಮಾರಾಯ್ರೇ. ಆದರೆ ಬಂದ ಮೇಲೆ 14 ದಿನ ಕೋಣೆಯೊಳಗೆ ಕೂರಬೇಕು. ಅಡಕೆ ಕೊಯ್ಲು ಯಾರು ನೋಡುವುದು?" ಎನ್ನುವರು.

ಅಳಿಯನ ಮುಖವು ಅರಳುವುದು. "ಇದೇ ಮಾತನ್ನು ನಮ್ಮ ಮನೆಯವಳ ಮುಂದೆ ಒಮ್ಮೆ ಹೇಳಿಬಿಡುತ್ತೀರೋ?"

2022ರ ಫೆಬ್ರವರಿಯಲ್ಲಿ ಕರ್ನಾಟಕವು ಕೇರಳದಿಂದ ಬರುವವರಿಗೆ ವರದಿಯ ನಿರ್ಬಂಧವನ್ನು ತೆಗೆದುಹಾಕಿದ ದಿನ, ಮಂಗಳೂರಿನಿಂದ ಶಾಸ್ತ್ರಿಗಳ ತಂಗಿ ಫೋನು ಮಾಡಿ, "ಅಣ್ಣಾ, ಇನ್ನು ವರದಿ ಬೇಡವಂತೆ. ಆದಿತ್ಯವಾರ ಬಂದುಬಿಡು" ಎಂದಳು. ಊರಿಗೆಲ್ಲ ದಾರಿ ಹೇಳುತ್ತಲೇ ತಾವು ಮಾತ್ರ ಒಮ್ಮೆಯೂ ಗಡಿ ದಾಟದಿದ್ದ ಶಾಸ್ತ್ರಿಗಳು, "ಪತ್ರಿಕೆಯಲ್ಲಿ ಬಂದದ್ದು ಹೌದು ತಂಗೀ, ಸುತ್ತೋಲೆಯ ಪ್ರತಿ ಇನ್ನೂ ನನ್ನ ಕೈಸೇರಿಲ್ಲ" ಎಂದರು.

"ಹಾಗಾದರೆ ನಾವೇ ಬರುತ್ತೇವೆ. ಎರಡು ವರ್ಷದ ಬಾಕಿ ಉಂಟಲ್ಲ, ಮಕ್ಕಳನ್ನೂ ಕರಕೊಂಡು ಒಂದು ತಿಂಗಳು ನಿಲ್ಲುವುದು."

ಉಭಯ ಸರಕಾರಗಳ ಸುತ್ತೋಲೆಗಳನ್ನು ಕಂಠಪಾಠ ಮಾಡಿದ್ದ ಶಾಸ್ತ್ರಿಗಳಿಗೆ ಆ ಗಳಿಗೆಯಲ್ಲಿ ಒಂದೇ ಒಂದು ನಿಯಮವೂ ಸ್ಫುರಿಸಲಿಲ್ಲ.